ನ್ಯಾಯಯುದ್ಧವೂ ನಿರಾಕರಣೆಯ ಹಕ್ಕೂ

ಕ್ರೈಸ್ತಧರ್ಮವು ಯುದ್ಧದ ವಿಷಯದಲ್ಲಿ ಏನು ಹೇಳುತ್ತದೆಂಬ ಪ್ರಶ್ನೆ ಬಂದಾಗ ನಮ್ಮ ವಿದ್ಯಾವಂತರಿಂದ ಸಾಮಾನ್ಯವಾಗಿ ಕೇಳಿಬರುವ ಉತ್ತರವೊಂದುಂಟು. ಪರ್ವತಪ್ರಸಂಗದಲ್ಲಿ ಯೇಸುಕ್ರಿಸ್ತನು ಬೋಧಿಸಿದುದು ಪರಿಶುದ್ಧವಾದ ಅಹಿಂಸೆ, ವೈರಿಯನ್ನೂ ಪ್ರೀತಿಸಬೇಕೆಂಬ ಆ ಉಪದೇಶವನ್ನು ಮೊದಲ ಮೂರು ಶತಮಾನಗಳ ಕ್ರೈಸ್ತರು ಅಕ್ಷರಶಃ ಪಾಲಿಸಿ, ಖಡ್ಗವನ್ನು ಮುಟ್ಟದೆ, ಸೆರೆಯನ್ನೂ ಮರಣವನ್ನೂ ಸ್ವೀಕರಿಸಿದರು, 312ರಲ್ಲಿ ಕಾನ್‌ಸ್ಟಂಟೈನನು ಮಿಲ್ವಿಯನ್ ಸೇತುವೆಯ ಬಳಿ ಜಯಗಳಿಸಿ ಕ್ರೈಸ್ತರ ರಕ್ಷಕನಾಗಿ ನಿಂತ ಮೇಲೆ ಧರ್ಮಸಭೆಯು ಅಧಿಕಾರದ ರುಚಿಯನ್ನು ಕಂಡಿತು, ತನ್ನ ಗುರುವಿನ ಮಾತನ್ನು ಬಹಿರಂಗವಾಗಿ ಅಲ್ಲಗಳೆಯಲಾರದೆ, ಅಗಸ್ಟೀನನಂತಹ ಮೇಧಾವಿಗಳ ನೆರವಿನಿಂದ ‘ನ್ಯಾಯಯುದ್ಧ’ವೆಂಬ ಸಿದ್ಧಾಂತವೊಂದನ್ನು ನಿರ್ಮಿಸಿಕೊಂಡು, ಅಂದಿನಿಂದ ಇಂದಿನವರೆಗೆ ಅರಸರೂ ಸರಕಾರಗಳೂ ಹೂಡಿದ ಯುದ್ಧಗಳಿಗೆಲ್ಲ ಆ ಸಿದ್ಧಾಂತದ ಮುದ್ರೆಯನ್ನೊತ್ತುತ್ತ ಬಂದಿತು, ಆದುದರಿಂದ ಪ್ರಾಮಾಣಿಕನಾದ ಕ್ರೈಸ್ತನ ಮುಂದಿರುವ ದಾರಿಗಳು ಎರಡೇ, ಒಂದೋ ಎಲ್ಲ ಯುದ್ಧವನ್ನೂ ತಿರಸ್ಕರಿಸಬೇಕು, ಇಲ್ಲವೆ ತನ್ನ ಧರ್ಮವು ಲೋಕವ್ಯವಹಾರಕ್ಕೆ ಒದಗುವಂಥದಲ್ಲವೆಂದು ಒಪ್ಪಬೇಕು ಎಂಬುದೇ ಆ ಉತ್ತರ. ನಮ್ಮ ದೇಶದಲ್ಲಿ ಈ ಮತಕ್ಕೆ ವಿಶೇಷವಾದ ಬಲವೊದಗಿರುವುದು ಸಹಜವೇ ಆಗಿದೆ. ಟಾಲ್‌ಸ್ಟಾಯ್ ತನ್ನ ಮುಪ್ಪಿನಲ್ಲಿ ಇದನ್ನೇ ಪ್ರತಿಪಾದಿಸಿದನು. ಅವನ ಗ್ರಂಥವನ್ನು ದಕ್ಷಿಣ ಆಫ್ರಿಕದಲ್ಲಿದ್ದಾಗ ಓದಿ ಗಾಂಧೀಜಿಯವರು ಗಾಢವಾಗಿ ಪ್ರಭಾವಿತರಾದರು. ಅವರ ಮೂಲಕ ಅದು ನಮ್ಮ ಸಾಮಾನ್ಯಜ್ಞಾನದ ಭಾಗವೇ ಆಗಿಹೋಗಿದೆ.

ಇದು ಕ್ಷುಲ್ಲಕವಾದ ಅಭಿಪ್ರಾಯವಲ್ಲ. ಶತಶತಮಾನಗಳ ರಕ್ತಪಾತ ಅದರ ಬೆಂಬಲಕ್ಕಿದೆ. ಅದನ್ನು ಹೇಳುವವರ ನೈತಿಕ ಕಳಕಳಿ ಗೌರವಾರ್ಹವಾದುದು. ಆದರೂ ಪರೀಕ್ಷಿಸಿ ನೋಡಿದರೆ, ಅದರಲ್ಲಿ ಬೇರೆಬೇರೆಯಾಗಿ ವಿಚಾರಿಸಬೇಕಾದ ಮೂರು ಪ್ರತಿಜ್ಞೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣುತ್ತದೆ: (1) ಆದಿಕಾಲದ ಕ್ರೈಸ್ತರು ಯುದ್ಧವನ್ನು ಏಕಕಂಠದಿಂದ ನಿರಾಕರಿಸಿದರೆಂಬುದು, (2) ನ್ಯಾಯಯುದ್ಧದ ವಿಚಾರವು ಹುಟ್ಟಿದುದೇ ಯುದ್ಧಕ್ಕೆ ಅನುಮತಿಯನ್ನು ಕೊಡುವುದಕ್ಕಾಗಿ ಎಂಬುದು, (3) ಆ ವಿಚಾರವು ಯಾವ ಯುದ್ಧವನ್ನೂ ಎಂದೂ ತಡೆದಿಲ್ಲವಾದುದರಿಂದ ಅದು ನಿರರ್ಥಕವೆಂಬುದು. ಇವುಗಳಲ್ಲಿ ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು, ಮೂರನೆಯದು ನಿಜವಾದ ರೋಗವೊಂದನ್ನು ಗುರುತಿಸಿ, ಅದರ ಕಾರಣವನ್ನು ಮಾತ್ರ ಬೇರೆಡೆ ಹುಡುಕುತ್ತದೆ.

ಆದಿಸಭೆಯ ವಿಷಯವನ್ನು ಮೊದಲು ನೋಡಬಹುದು. ಮೊದಲ ಮೂರು ಶತಮಾನಗಳ ಪ್ರಮುಖ ಕ್ರೈಸ್ತ ಲೇಖಕರಲ್ಲಿ, ಕ್ರೈಸ್ತನು ರಣರಂಗದಲ್ಲಿ ಕೊಲ್ಲುವುದು ಸರಿಯೆಂದು ವಾದಿಸಿದವನು ಒಬ್ಬನೂ ದೊರೆಯುವುದಿಲ್ಲವೆಂಬುದು ನಿಜ. ಆದರೆ ಸೈನ್ಯವನ್ನು ಅಷ್ಟು ಉಗ್ರವಾಗಿ ಖಂಡಿಸಿದ ಕಾರ್ತೇಜಿನ ಟರ್ಟುಲಿಯನನೇ ಅದಕ್ಕೆ ಮುಂಚೆ, 197ರ ಸುಮಾರಿಗೆ, ಕ್ರೈಸ್ತರು ರೋಮಿನ ಸೇನಾಶಿಬಿರಗಳನ್ನೂ ತುಂಬಿದ್ದಾರೆಂದು ಅಭಿಮಾನದಿಂದ ಬರೆದಿದ್ದಾನೆ. ಸುಮಾರು 248ರಲ್ಲಿ, ಕ್ರೈಸ್ತಧರ್ಮವನ್ನು ಖಂಡಿಸಿದ ಸೆಲ್ಸಸನಿಗೆ ಉತ್ತರ ಕೊಡುತ್ತ ಒರಿಜೆನನು, ಕ್ರೈಸ್ತರು ಆಯುಧವನ್ನು ಹಿಡಿಯದಿದ್ದರೂ ನ್ಯಾಯವಾದ ಕಾರಣಕ್ಕಾಗಿ ಹೋರಾಡುವವರ ಪರವಾಗಿ ದೇವರನ್ನು ಪ್ರಾರ್ಥಿಸುತ್ತಾರೆಂದು ಹೇಳುತ್ತಾನೆ. ಎಂದರೆ ಕಾನ್‌ಸ್ಟಂಟೈನನು ಹುಟ್ಟುವ ಮೊದಲೇ, ಅಹಿಂಸಾವ್ರತಿಯಾದ ಲೇಖಕನೊಬ್ಬನು ನ್ಯಾಯವಾದ ಯುದ್ಧಕ್ಕೂ ಅನ್ಯಾಯವಾದ ಯುದ್ಧಕ್ಕೂ ಅಂತರವನ್ನು ಕಂಡಿದ್ದನು. 295ರಲ್ಲಿ ಇಂದಿನ ಆಲ್ಜೀರಿಯದಲ್ಲಿರುವ ಥೆವೆಸ್ತೆಯಲ್ಲಿ ನಡೆದ ಮ್ಯಾಕ್ಸಿಮಿಲಿಯನನ ವಿಚಾರಣೆಯ ದಾಖಲೆ ಈ ಸಂದರ್ಭದಲ್ಲಿ ಬಹಳ ಬೆಲೆಯುಳ್ಳದ್ದು. ಇಪ್ಪತ್ತೊಂದು ವರ್ಷದ ಆ ತರುಣನನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲೆಂದು ನಿಲ್ಲಿಸಿ ಎತ್ತರವನ್ನು ಅಳೆಯುತ್ತಾರೆ. ಕೊರಳಿಗೆ ಸೀಸದ ಮುದ್ರೆಯನ್ನು ಕಟ್ಟಹೋದಾಗ ಅವನು ತಾನು ಕ್ರೈಸ್ತನೆಂದೂ ಸೈನಿಕನಾಗಲಾರೆನೆಂದೂ ಹೇಳಿ ಅದನ್ನು ತಡೆಯುತ್ತಾನೆ. ಚಕ್ರವರ್ತಿಗಳ ಮೈಗಾವಲಿನಲ್ಲಿಯೇ ಕ್ರೈಸ್ತರಿದ್ದಾರಲ್ಲ ಎಂದು ಪ್ರಾಂತಾಧಿಪತಿಯಾದ ಡಿಯೋನನು ಕೇಳುತ್ತಾನೆ. ಅದಕ್ಕೆ ಆ ಯುವಕನು, ಅವರಿಗೆ ಯಾವುದು ತಕ್ಕುದೋ ಅದನ್ನು ಅವರು ಬಲ್ಲರು, ತಾನು ಮಾತ್ರ ಕೇಡನ್ನು ಮಾಡಲಾರೆನು ಎಂಬರ್ಥದ ಉತ್ತರವನ್ನು ಕೊಟ್ಟು ಶಿರಚ್ಛೇದಕ್ಕೆ ಗುರಿಯಾಗುತ್ತಾನೆ. ಧರ್ಮಸಭೆ ಅವನನ್ನು ರಕ್ತಸಾಕ್ಷಿಯೆಂದು ಪೂಜಿಸಿತು. ಮೈಗಾವಲಿನಲ್ಲಿದ್ದ ಕ್ರೈಸ್ತರನ್ನು ಹೊರಗೆ ಹಾಕಲೂ ಇಲ್ಲ. ಒಂದೇ ಸಭೆಯೊಳಗೆ ಎರಡು ಅಂತಃಸಾಕ್ಷಿಗಳು ಜೊತೆಯಾಗಿ ಬಾಳಿದುವು. ಪರಿಶುದ್ಧವಾದೊಂದು ಯುಗ, ಅನಂತರ ಒಮ್ಮೆಗೇ ಪತನ ಎಂಬ ಚಿತ್ರವನ್ನು ಈ ದಾಖಲೆಗಳು ಸಮರ್ಥಿಸುವುದಿಲ್ಲ.

ಇನ್ನು ಎರಡನೆಯ ಪ್ರತಿಜ್ಞೆ. ಅಗಸ್ಟೀನನು ಯುದ್ಧವನ್ನು ಕೆಲವು ಸಂದರ್ಭಗಳಲ್ಲಿ ಒಪ್ಪಿದನೆಂಬುದನ್ನು ಎಲ್ಲರೂ ಬಲ್ಲರು. ಅವನು ಏನನ್ನು ಒಪ್ಪಲಿಲ್ಲವೆಂಬುದನ್ನು ವಿಚಾರಿಸುವವರು ಕಡಮೆ. ಖಾಸಗಿ ವ್ಯಕ್ತಿಯು ತನ್ನ ಪ್ರಾಣವನ್ನು ಉಳಿಸಿಕೊಳ್ಳುವುದಕ್ಕಾಗಿ ಆಕ್ರಮಣಕಾರನನ್ನು ಕೊಲ್ಲುವುದನ್ನು ಕೂಡ ಅವನು ಮೆಚ್ಚಲಿಲ್ಲ. ನಮ್ಮ ದಂಡಸಂಹಿತೆಗಳೆಲ್ಲವೂ ಸಲೀಸಾಗಿ ಅನುಮತಿಸುವ ಆತ್ಮರಕ್ಷಣೆಯನ್ನೇ ಸಂಶಯದಿಂದ ನೋಡಿದ ಚಿಂತಕನನ್ನು ಯುದ್ಧದ ವಕೀಲನೆಂದು ಕರೆಯುವುದು ಅವಿಚಾರ. ತನ್ನದಲ್ಲದ ಪ್ರಾಣವನ್ನು ಕಾಯುವ ಹೊಣೆ ಹೊತ್ತ ಅಧಿಕಾರಿಯೊಬ್ಬನು, ವೈರಿಯ ಮೇಲಣ ದ್ವೇಷವಿಲ್ಲದೆ, ಶಾಂತಿಯನ್ನೇ ಗುರಿಯಾಗಿರಿಸಿಕೊಂಡು, ಬೇರೆ ಗತಿಯಿಲ್ಲದಾಗ ಬಲವನ್ನು ಬಳಸಬಹುದೆ ಎಂಬಷ್ಟೇ ಇಕ್ಕಟ್ಟಾದ ಪ್ರಶ್ನೆ ಅವನದು. ಅದಕ್ಕೆ ಹೌದೆಂದು ಉತ್ತರಿಸಿದ ಮೇಲೆಯೂ, ‘ದೇವನಗರ’ದ ಹತ್ತೊಂಬತ್ತನೆಯ ಪುಸ್ತಕದಲ್ಲಿ, ವಿವೇಕಿಯಾದವನು ನ್ಯಾಯವಾದ ಯುದ್ಧಕ್ಕೂ ಮರುಗಬೇಕೆಂದೂ ಮರುಗದವನು ಮನುಷ್ಯಭಾವವನ್ನೇ ಕಳೆದುಕೊಂಡವನೆಂದೂ ಅವನು ವಾದಿಸುತ್ತಾನೆ. ಇದೇ ಭಾವವು ಆಚರಣೆಯಲ್ಲಿ ಹೇಗೆ ಮೈದಾಳಿತೆಂಬುದನ್ನು ತಿಳಿಯಬೇಕಾದರೆ ತತ್ತ್ವಗ್ರಂಥಗಳನ್ನು ಬದಿಗಿರಿಸಿ ಪ್ರಾಯಶ್ಚಿತ್ತದ ವಿಧಿಗಳನ್ನು ನೋಡಬೇಕು. ನಾಲ್ಕನೆಯ ಶತಮಾನದಲ್ಲಿ ಕೈಸರೇಯದ ಬೆಸಿಲನು, ಯುದ್ಧದಲ್ಲಿ ಕೊಂದವರನ್ನು ಕೊಲೆಗಾರರೆಂದು ಎಣಿಸದಿದ್ದರೂ, ಅವರ ಕೈ ಶುದ್ಧವಲ್ಲವಾದುದರಿಂದ ಮೂರು ವರ್ಷ ಪರಮಪ್ರಸಾದದಿಂದ ದೂರವಿರುವುದು ಒಳ್ಳೆಯದೆಂದು ಸಲಹೆಯಿತ್ತನು. ಇನ್ನೂ ಸ್ಪಷ್ಟವಾದ ನಿದರ್ಶನ 1066ರ ಹೇಸ್ಟಿಂಗ್ಸ್ ಕದನದ ಅನಂತರದ್ದು. ಗೆದ್ದ ನಾರ್ಮನ್ ಸೈನ್ಯಕ್ಕೆ ಪೋಪರ ಪ್ರತಿನಿಧಿಯಾದ ಸಿಯೊನಿನ ಬಿಷಪ್ ಎರ್ಮೆನ್‌ಫ್ರಿಡನ ಹೆಸರಿನಲ್ಲಿ ವಿಧಿಸಲಾದ ಪ್ರಾಯಶ್ಚಿತ್ತದ ಪಟ್ಟಿ ನಮಗೆ ಉಳಿದುಬಂದಿದೆ: ತಾನು ಕೊಂದನೆಂದು ಬಲ್ಲವನು ಸತ್ತ ಒಬ್ಬೊಬ್ಬನಿಗೆ ಒಂದೊಂದು ವರ್ಷ, ಗಾಯಗೊಳಿಸಿ, ಆತ ಸತ್ತನೋ ಬದುಕಿದನೋ ಅರಿಯದವನು ಒಬ್ಬೊಬ್ಬನಿಗೆ ನಲವತ್ತು ದಿನ, ಎಷ್ಟು ಮಂದಿಯನ್ನು ಕೊಂದೆನೆಂಬ ಲೆಕ್ಕವೇ ತಿಳಿಯದವನು ಬದುಕಿರುವ ತನಕ ವಾರಕ್ಕೊಂದು ದಿನ, ಬಾಣವು ಯಾರಿಗೆ ತಗುಲಿತೆಂದು ಕಾಣಲಾರದ ಬಿಲ್ಲುಗಾರರು ಮೂರು ತಪಸ್ಸುಕಾಲಗಳು (ಈಸ್ಟರಿಗೆ ಮುಂಚಿನ ಉಪವಾಸದ ಅವಧಿಗಳು), ಕೇವಲ ಲಾಭಕ್ಕಾಗಿ ಹೋರಾಡಿದವನಿಗಾದರೋ ಕೊಲೆಗೆ ಸಲ್ಲುವ ಪ್ರಾಯಶ್ಚಿತ್ತವೇ. ಗೆದ್ದ ಪಕ್ಷಕ್ಕೆ, ಅದೂ ರೋಮಿನ ಒಲವಿಗೆ ಪಾತ್ರವಾದ ಪಕ್ಷಕ್ಕೆ, ಧರ್ಮಸಭೆಯೇ ವಿಧಿಸಿದ ತಪಸ್ಸು ಇದು. ನ್ಯಾಯಯುದ್ಧದ ವಿಚಾರವು ಕೇವಲ ಅನುಮತಿಪತ್ರವಾಗಿದ್ದರೆ ಇಂತಹ ಪಟ್ಟಿಯ ಅಗತ್ಯವಾದರೂ ಏನಿತ್ತು? ಕೊಲ್ಲುವುದು ಅನಿವಾರ್ಯವಾದಾಗಲೂ ಅದು ಕೊಲ್ಲುವುದೇ, ಸತ್ತವನು ನೆರೆಯವನೇ, ಅವನ ಲೆಕ್ಕವನ್ನು ಒಪ್ಪಿಸಬೇಕು ಎಂಬ ನಂಬಿಕೆಯಿಲ್ಲದೆ ಬಿಲ್ಲುಗಾರನ ಕಾಣದ ಬಾಣಕ್ಕೆ ಮೂರು ತಪಸ್ಸುಕಾಲಗಳನ್ನು ಯಾರೂ ಗೊತ್ತುಪಡಿಸುವುದಿಲ್ಲ.

ಕ್ರುಸೇಡುಗಳ ಮಾತೇನು ಎಂದು ಇಲ್ಲಿ ಯಾರಾದರೂ ಕೇಳಿದರೆ, ಕೇಳಲೇಬೇಕಾದ ಪ್ರಶ್ನೆ ಅದು. ಆದರೆ 1095ರಲ್ಲಿ ಕ್ಲೆರ್ಮೋಂಟಿನ ಸಭೆಯು ಮಾಡಿದ ನಿರ್ಣಯವನ್ನು ಮೇಲಣ ಪಟ್ಟಿಯ ಪಕ್ಕದಲ್ಲಿರಿಸಿ ನೋಡಬೇಕು. ಭಕ್ತಿಯಿಂದ ಜೆರುಸಲೇಮಿನ ಬಿಡುಗಡೆಗೆ ಹೊರಟವನಿಗೆ ಆ ಪಯಣವೇ ಸಕಲ ಪ್ರಾಯಶ್ಚಿತ್ತಕ್ಕೆ ಸಮವೆಂದು ಅದು ಸಾರಿತು. ಒಂದು ತಲೆಮಾರಿನ ಹಿಂದೆ ಯಾವ ಕಾರ್ಯಕ್ಕೆ ತಪಸ್ಸನ್ನು ವಿಧಿಸಲಾಗಿತ್ತೋ ಆ ಕಾರ್ಯವೇ ಈಗ ತಪಸ್ಸಾಗಿಹೋಯಿತು. ಇದು ನ್ಯಾಯಯುದ್ಧ ವಿಚಾರದ ವಿಸ್ತರಣೆಯಲ್ಲ, ಅದರ ವಿಪರ್ಯಯ. ಒಂದರಲ್ಲಿ ಕೊಲ್ಲುವುದು ಸಮರ್ಥನೆಯನ್ನು ಬೇಡುವ ದುಃಖದ ಕೆಲಸ; ಇನ್ನೊಂದರಲ್ಲಿ ಅದೇ ಪುಣ್ಯ. 1099ರಲ್ಲಿ ಜೆರುಸಲೇಮಿನ ಬೀದಿಗಳಲ್ಲಿ ಮುಸಲ್ಮಾನರೂ ಯೆಹೂದ್ಯರೂ ಸಾಮೂಹಿಕವಾಗಿ ಹತರಾದುದು ಆ ಎರಡನೆಯ ವಿಚಾರದ ಫಲ. ಅದಕ್ಕಾಗಿ ಕ್ರೈಸ್ತಲೋಕವು ಉತ್ತರಿಸಲೇಬೇಕಾಗಿದೆ. ಆ ಹೊಣೆಯಿಂದ ನುಣುಚಿಕೊಳ್ಳುವ ವಾದ ನನ್ನದಲ್ಲ. ಆದರೆ ಆ ಉತ್ತರವನ್ನು ಕೊಡುವಾಗ ಕ್ರೈಸ್ತಪರಂಪರೆಯೊಳಗಿಂದಲೇ ಒದಗಿದ ಬಲವಾದ ಸಾಧನ ನ್ಯಾಯಯುದ್ಧದ ವಿಚಾರವೇ ಆಗಿದೆಯೆಂಬುದನ್ನು ಮರೆಯಬಾರದು. 1539ರಲ್ಲಿ ಸಲಮಾಂಕದ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ಡಿ ವಿಟೋರಿಯನು, ತನ್ನ ಅರಸನ ಸೈನ್ಯಗಳೇ ಅಮೆರಿಕವನ್ನು ಗೆದ್ದುಕೊಳ್ಳುತ್ತಿದ್ದ ಕಾಲದಲ್ಲಿ, ಮತಭೇದವು ಯುದ್ಧಕ್ಕೆ ನ್ಯಾಯವಾದ ಕಾರಣವಲ್ಲ, ರಾಜ್ಯವಿಸ್ತಾರವೂ ಅಲ್ಲ, ಅರಸನ ಕೀರ್ತಿಯೂ ಅಲ್ಲ ಎಂದು ಪಾಠ ಹೇಳಿದುದು ಆ ವಿಚಾರದ ಆಧಾರದ ಮೇಲೆಯೇ.

ಇಲ್ಲಿ ಅಹಿಂಸಾವಾದಿಯು ತನ್ನ ಪ್ರಬಲವಾದ ಆಕ್ಷೇಪವನ್ನು ಎತ್ತುತ್ತಾನೆ: ತತ್ತ್ವದಲ್ಲಿ ನಿರ್ಬಂಧವಾಗಿದ್ದುದು ಆಚರಣೆಯಲ್ಲಿ ಯಾರನ್ನು ನಿರ್ಬಂಧಿಸಿತು? ಯಾವ ಅರಸನು ತನ್ನ ಯುದ್ಧವು ಅನ್ಯಾಯವೆಂಬ ತೀರ್ಮಾನವನ್ನು ಕೇಳಿ ಹಿಂದಿರುಗಿದನು? ಈ ಆಕ್ಷೇಪದ ಭಾರವನ್ನು ಹಗುರಮಾಡುವುದು ಸಾಧ್ಯವಿಲ್ಲ. ಆದರೆ ಅದಕ್ಕೆ ಪೂರ್ಣವಾಗಿ ಮಣಿಯುವ ಮೊದಲು, ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ 1944ರ ಫೆಬ್ರವರಿ 9ರಂದು ಬ್ರಿಟಿಷ್ ಪಾರ್ಲಿಮೆಂಟಿನ ಪ್ರಭುಗಳ ಸಭೆಯಲ್ಲಿ ಮಾಡಿದ ಭಾಷಣವನ್ನು ನೆನೆಯಬೇಕು. ಬೆಲ್ ಅಹಿಂಸಾವಾದಿಯಲ್ಲ, ಹಿಟ್ಲರನ ವಿರುದ್ಧ ನಡೆದ ಯುದ್ಧವನ್ನು ಒಪ್ಪಿದವನು, ಜರ್ಮನಿಯ ಪ್ರತಿರೋಧಿಗಳ ಮಿತ್ರನು. ಹಿಂದಿನ ಜುಲೈಯಲ್ಲಿ ಹ್ಯಾಂಬರ್ಗ್ ನಗರವೊಂದರಲ್ಲೇ ಬಾಂಬಿನ ಬೆಂಕಿಗೆ ಸಿಕ್ಕಿ 30,000ಕ್ಕೂ ಮಿಕ್ಕ ಜನರು ಮಡಿದಿದ್ದರು. ಕಾರ್ಖಾನೆಯನ್ನೂ ಸೇನಾನೆಲೆಯನ್ನೂ ಹೊಡೆಯುವುದು ಬೇರೆ, ಊರಿಗೆ ಊರನ್ನೇ ಅಳಿಸಿಹಾಕುವುದು ಬೇರೆ; ಇದನ್ನು ಯಾವ ಹಕ್ಕಿನಿಂದ ಮಾಡುತ್ತಿದ್ದೀರಿ ಎಂದು ತನ್ನ ದೇಶ ಪ್ರಾಣಾಪಾಯದಲ್ಲಿದ್ದಾಗಲೇ ಅವನು ತನ್ನದೇ ಸರಕಾರವನ್ನು ಕೇಳಿದನು. ಎಲ್ಲ ಯುದ್ಧವನ್ನೂ ಪಾಪವೆನ್ನುವವನಿಗೆ ಹ್ಯಾಂಬರ್ಗಿಗೂ ರಣರಂಗಕ್ಕೂ ಮೂಲದಲ್ಲಿ ಭೇದವಿರಲಾರದು. ಆದುದರಿಂದ ಸರಕಾರವು ಅವನ ಮಾತನ್ನು ಗೌರವದಿಂದಲೇ ಬದಿಗಿರಿಸಬಹುದು. ಎಲ್ಲ ಯುದ್ಧವನ್ನೂ ಒಪ್ಪುವವನಿಗೂ ಭೇದವಿಲ್ಲ. ಯುದ್ಧವನ್ನು ಒಪ್ಪಿ, ಅದರೊಳಗೆ ಇದು ಸಲ್ಲದೆಂದು ಬೆರಳಿಟ್ಟು ತೋರಿಸಬಲ್ಲವನು ಮಾತ್ರ ಆಳುವವರಿಗೆ ನಿಜವಾಗಿ ಅಸಹನೀಯನಾಗುತ್ತಾನೆ. ಬಾಂಬಿನ ದಾಳಿ ನಿಲ್ಲಲಿಲ್ಲವೆಂಬುದು ಸತ್ಯ, ಸತ್ಯವನ್ನು ಮುಚ್ಚಬಾರದು. ಆದರೆ ಅದೇ ಮಾನದಂಡವು ಮುಂದೆ ಅಣುಬಾಂಬಿನ ಯುಗದಲ್ಲಿ ಇನ್ನಷ್ಟು ತೀಕ್ಷ್ಣವಾಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ನಗರಗಳನ್ನು ಅವುಗಳ ಜನರೊಡನೆ ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧವೆಂದು ಘೋಷಿಸಿದುದು, ಯುದ್ಧದಲ್ಲಿಯೂ ನಿರಪರಾಧಿಯನ್ನು ಗುರಿಯಾಗಿಸಿ ಕೊಲ್ಲಕೂಡದೆಂಬ ಹಳೆಯ ನಿಯಮವನ್ನು ನೇರವಾಗಿ ಅನ್ವಯಿಸಿಯೇ.

ಇದಿರುಬದಿಯ ಆಕ್ಷೇಪವೂ ಒಂದುಂಟು. ಅದನ್ನು ಅಮೆರಿಕದ ದೇವಶಾಸ್ತ್ರಜ್ಞ ರೈನ್ಹೋಲ್ಡ್ ನೀಬರ್ 1930ರ ದಶಕದಿಂದ ಬಹು ಸಮರ್ಥವಾಗಿ ಮಂಡಿಸಿದನು. ಪ್ರೇಮದ ಪರಿಪೂರ್ಣತೆಯು ವ್ಯಕ್ತಿಗೆ ಆದರ್ಶವಾಗಬಲ್ಲುದೇ ಹೊರತು, ಸ್ವಾರ್ಥಗಳ ಸಂಘರ್ಷದಿಂದಲೇ ಕೂಡಿದ ರಾಷ್ಟ್ರಗಳ ಬಾಳಿಗೆ ಅದು ನಿಯಮವಾಗಲಾರದೆಂಬುದು ಅವನ ವಾದದ ತಿರುಳು. ವಿಲಿಯಂ ಪೆನ್ ಸ್ಥಾಪಿಸಿದ ಪೆನ್ಸಿಲ್ವೇನಿಯವನ್ನು ಅಹಿಂಸಾವ್ರತಿಗಳಾದ ಕ್ವೇಕರರು ಸುಮಾರು ಎಪ್ಪತ್ತು ವರ್ಷ ಸೈನ್ಯದ ಹಂಗಿಲ್ಲದೆ ನಡೆಸಿ, ಕೊನೆಗೆ 1756ರಲ್ಲಿ ಗಡಿಯ ಯುದ್ಧ ಘೋಷಿತವಾದಾಗ ಅವರಲ್ಲಿ ಕೆಲವರು ಶಾಸನಸಭೆಯಿಂದಲೇ ಹೊರಬಂದುದು ಅವನ ಪಕ್ಷಕ್ಕೆ ಸಾಕ್ಷಿಯಾಗಿ ಕಾಣಬಹುದು. ಎಪ್ಪತ್ತು ವರ್ಷ ನಡೆಯಿತೆಂಬುದು ಎದುರುಪಕ್ಷಕ್ಕೂ ಸಾಕ್ಷಿಯೇ. ನೀಬರನಿಂದ ಕಲಿಯತಕ್ಕುದು ಬಹಳವಿದೆ. ಆದರೆ ಅನಿವಾರ್ಯತೆಯೊಂದನ್ನೇ ಪ್ರಮಾಣವಾಗಿಟ್ಟುಕೊಂಡರೆ, ಎಲ್ಲಿಗೆ ನಿಲ್ಲಬೇಕೆಂದು ಹೇಳುವ ಶಕ್ತಿ ಉಳಿಯುವುದಿಲ್ಲ. ಹ್ಯಾಂಬರ್ಗನ್ನು ಸುಟ್ಟವರೂ ಅನಿವಾರ್ಯತೆಯನ್ನೇ ಹೇಳಿದರು.

ಹಾಗಾದರೆ ರೋಗವಿರುವುದೆಲ್ಲಿ? ನನ್ನ ದೃಷ್ಟಿಯಲ್ಲಿ ಅದು ವಿಟೋರಿಯನ ಪಾಠದಲ್ಲೇ ಅಡಗಿದೆ. ಯುದ್ಧವು ಅನ್ಯಾಯವೆಂದು ಪ್ರಜೆಗೆ ನಿಶ್ಚಯವಾದರೆ ಅರಸನು ಆಜ್ಞಾಪಿಸಿದರೂ ಅವನು ಹೋರಾಡಕೂಡದೆಂದು ವಿಟೋರಿಯನು ಧೀರವಾಗಿ ಹೇಳಿದನು; ಅಜ್ಞಾನದಿಂದ ಆಜ್ಞೆಯನ್ನು ಪಾಲಿಸಿದುದೇ ಸಾಕೆಂದಾದರೆ ಪಿಲಾತನ ಮಾತಿನಂತೆ ಕ್ರಿಸ್ತನನ್ನು ಶಿಲುಬೆಗೇರಿಸಿದ ಸೈನಿಕರೂ ನಿರ್ದೋಷಿಗಳಾಗಬೇಕಾಗುತ್ತದೆಂದು ತರ್ಕಿಸಿದನು. ಆದರೆ ಅದೇ ಉಸಿರಿನಲ್ಲಿ, ಯುದ್ಧದ ಕಾರಣಗಳನ್ನು ಪರಿಶೀಲಿಸುವ ಹೊಣೆ ಮಂತ್ರಿಗಳಿಗೂ ಪ್ರಮುಖರಿಗೂ ಸೇರಿದುದು, ಸಾಮಾನ್ಯ ಪ್ರಜೆಗಳು ಸಂಶಯವಿದ್ದಾಗ ಅರಸನನ್ನು ಅನುಸರಿಸಬಹುದು ಎಂದೂ ಹೇಳಿದನು. ವರ್ತಮಾನ ದೊರೆಯದ, ಓದು ಬಾರದ ರೈತರ ಯುಗದಲ್ಲಿ ಈ ರಿಯಾಯಿತಿ ಅರ್ಥವಾಗುವಂಥದು. ಆದರೆ ಯುದ್ಧಕಾಲದಲ್ಲಿ ಸಂಶಯವನ್ನು ಹುಟ್ಟಿಸುವ, ನಿಶ್ಚಯವನ್ನು ತಡೆಯುವ ಉಪಕರಣಗಳೆಲ್ಲವೂ ಸರಕಾರದ ಕೈಯಲ್ಲಿಯೇ ಇರುತ್ತವೆ. ಆದುದರಿಂದ ಈ ಚಿಕ್ಕ ರಿಯಾಯಿತಿಯೇ ಬೆಳೆದು ನಿಯಮವನ್ನು ನುಂಗಿತು. 1914ರಲ್ಲಿ ಯೂರೋಪಿನ ಇಬ್ಬದಿಯ ಧರ್ಮಗುರುಗಳೂ ತಮ್ಮತಮ್ಮ ಸೈನ್ಯವನ್ನು ಹರಸಿದರು. ಆದಿಕ್ರೈಸ್ತರಿಗೂ ಸೈನ್ಯವೃತ್ತಿಗೂ ಇದ್ದ ಸಂಬಂಧವನ್ನು ಕುರಿತು 1905ರಲ್ಲಿ ಪ್ರಮಾಣಗ್ರಂಥವನ್ನು ಬರೆದ ಮಹಾವಿದ್ವಾಂಸ ಅಡಾಲ್ಫ್ ಫಾನ್ ಹಾರ್ನಾಕನೇ, ಜರ್ಮನಿಯ ಯುದ್ಧವನ್ನು ಸಮರ್ಥಿಸಿ ತೊಂಬತ್ತಮೂರು ಮಂದಿ ಪ್ರಮುಖರು 1914ರ ಅಕ್ಟೋಬರಿನಲ್ಲಿ ಹೊರಡಿಸಿದ ಘೋಷಣೆಗೆ ರುಜುಹಾಕಿದನು. ಮ್ಯಾಕ್ಸಿಮಿಲಿಯನನಂತಹವರ ಕಾಲವನ್ನು ಅವನಷ್ಟು ಚೆನ್ನಾಗಿ ಅರಿತವರು ವಿರಳ. ಆ ಅರಿವು ಅವನನ್ನು ಕಾಪಾಡಲಿಲ್ಲ. ಒಂದೇ ಬೈಬಲನ್ನು ಓದುವವರ ಆ ಕಲಹದ ಬಿಸಿ ನಮ್ಮ ಕರಾವಳಿಗೂ ತಟ್ಟಿತು: 1834ರಿಂದ ಮಂಗಳೂರಿನಲ್ಲಿ ನೆಲೆಸಿ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿರಿಸಿತು, ಅವರ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದುವು. ಎರಡು ಪಕ್ಷಗಳೂ ತಮ್ಮದೇ ನ್ಯಾಯವೆಂದು ನಂಬಿದುವು; ಎರಡರಲ್ಲಿಯೂ ನ್ಯಾಯಾಧೀಶನು ವಾದಿಯೇ ಆಗಿದ್ದನು.

ಆ ರಿಯಾಯಿತಿಯ ಪೂರ್ಣ ಫಲವನ್ನು ಆಸ್ಟ್ರಿಯದ ರೈತ ಫ್ರಾನ್ಸ್ ಯೇಗರ್‌ಸ್ಟೆಟರನ ಕಥೆಯಲ್ಲಿ ಕಾಣುತ್ತೇವೆ. ಸಂತ ರಾಡೆಗುಂಡ್ ಎಂಬ ಹಳ್ಳಿಯ ಗುಡಿಯಲ್ಲಿ ಪರಿಚಾರಕನಾಗಿದ್ದ ಈತನು, ಮೂವರು ಹೆಣ್ಣುಮಕ್ಕಳ ತಂದೆ. ಎಲ್ಲ ಯುದ್ಧವೂ ಪಾಪವೆಂಬ ವಾದ ಅವನದಾಗಿರಲಿಲ್ಲ. ಸೈನ್ಯದ ತರಬೇತಿಯನ್ನು ಕೆಲವು ತಿಂಗಳು ಪಡೆದೂ ಇದ್ದನು. ಹಿಟ್ಲರನ ಈ ಯುದ್ಧವು ಅನ್ಯಾಯವಾದುದು, ಆದುದರಿಂದ ಇದರಲ್ಲಿ ಆಯುಧವನ್ನು ಹಿಡಿಯುವುದು ತನಗೆ ಪಾಪ ಎಂಬಷ್ಟೇ ಅವನ ನಿಲುವು. ತನ್ನ ಪ್ರಶ್ನೆಗಳನ್ನು ಬರೆದುಕೊಂಡು ಲಿಂಟ್ಸ್ ನಗರದ ಬಿಷಪ್ಪರ ಬಳಿಗೆ ಹೋದನು. ರಾಜ್ಯಾಧಿಕಾರದ ಕೃತ್ಯಗಳಿಗೆ ಖಾಸಗಿ ಪ್ರಜೆಯು ಹೊಣೆಯಾಗುವುದು ಎಷ್ಟರಮಟ್ಟಿಗೆ ಎಂಬುದನ್ನು ಬಿಷಪ್ಪರು ವಿವರಿಸಿದರು. ಸಂಸಾರಸ್ಥನ ಕರ್ತವ್ಯವನ್ನು ನೆನಪಿಸಿದರು. ಅಂದರೆ ವಿಟೋರಿಯನ ರಿಯಾಯಿತಿಯನ್ನೇ ನೀಡಿದರು. ರೈತನು ವಿಟೋರಿಯನ ನಿಯಮವನ್ನು ಹಿಡಿದುಕೊಂಡನು. 1943ರ ಮಾರ್ಚಿನಲ್ಲಿ ಸೇನಾಕೇಂದ್ರಕ್ಕೆ ಹೋಗಿ ನಿರಾಕರಣೆಯನ್ನು ತಿಳಿಸಿ, ಗಾಯಾಳುಗಳ ಶುಶ್ರೂಷೆಯ ಕೆಲಸವನ್ನಾದರೆ ಮಾಡುವೆನೆಂದನು. ಅದನ್ನು ಅವರು ಒಪ್ಪಲಿಲ್ಲ. ಬರ್ಲಿನ್ನಿನ ಸೈನಿಕ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗಿನಲ್ಲಿ ಅವನ ಶಿರಚ್ಛೇದವಾಯಿತು. 2007ರಲ್ಲಿ ಅದೇ ಲಿಂಟ್ಸ್ ನಗರದಲ್ಲಿ ಧರ್ಮಸಭೆಯು ಅವನಿಗೆ ಪುನೀತನ ಪದವಿಯನ್ನಿತ್ತಿತು. ಪುನೀತನೆಂದು ಸಾರಿದ ಮೇಲೆ, ಅವನು ಮಾಡಿದ ತೀರ್ಮಾನವನ್ನು ಮಾಡುವ ಅಧಿಕಾರ ಪ್ರಜೆಗಿಲ್ಲವೆಂದು ಧರ್ಮಸಭೆ ಇನ್ನು ಹೇಳಲಾಗದು.

ಹೀಗಾಗಿ ಮೂರನೆಯ ಪ್ರತಿಜ್ಞೆಗೆ ನನ್ನ ಉತ್ತರ ಇದು: ನ್ಯಾಯಯುದ್ಧದ ವಿಚಾರವು ಸೋತಿದ್ದರೆ, ಯುದ್ಧವನ್ನು ಅದು ಒಪ್ಪಿತೆಂಬುದರಿಂದ ಸೋತಿಲ್ಲ, ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಅಧಿಕಾರವನ್ನು ಯುದ್ಧವನ್ನು ಹೂಡುವವನ ಕೈಯಲ್ಲೇ ಬಿಟ್ಟುಕೊಟ್ಟಿತೆಂಬುದರಿಂದ ಸೋತಿದೆ. ಕೆಲವು ಯುದ್ಧಗಳು ನ್ಯಾಯ, ಕೆಲವು ಅನ್ಯಾಯ ಎಂದು ಬೋಧಿಸುವ ಧರ್ಮವು, ಅನ್ಯಾಯವೆಂದು ಕಂಡ ಯುದ್ಧದಿಂದ ಹಿಂದೆ ಸರಿಯುವ ಸೈನಿಕನ ಬೆಂಬಲಕ್ಕೆ ನಿಲ್ಲದಿದ್ದರೆ, ಆ ಬೋಧನೆಗೆ ಅರ್ಥವೇ ಇಲ್ಲ. ಪ್ರತಿಯೊಬ್ಬ ಸೈನಿಕನೂ ಹೀಗೆ ವಿಚಾರಿಸತೊಡಗಿದರೆ ದೇಶರಕ್ಷಣೆ ಕುಸಿದುಬೀಳುವುದೆಂಬ ಭಯ ಸಹಜವಾದುದು. ಆದರೆ ಮರಣವನ್ನೋ ಸೆರೆಯನ್ನೋ ಅಪಕೀರ್ತಿಯನ್ನೋ ಎದುರಿಸಿ ನಿರಾಕರಿಸುವವರು ಎಂದೂ ಹೆಚ್ಚಾಗಿರುವುದಿಲ್ಲ. ಅವರ ಸಂಖ್ಯೆ ಸೈನ್ಯವೇ ಕುಸಿಯುವಷ್ಟು ಬೆಳೆದರೆ, ಆ ಯುದ್ಧದ ನ್ಯಾಯವನ್ನು ಪುನಃ ಪರಿಶೀಲಿಸಲು ಅದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ. ಶುಶ್ರೂಷೆಯಂತಹ ಬದಲಿ ಸೇವೆಯನ್ನು ವಿಧಿಸಿ, ಹೇಡಿತನವನ್ನು ಅಂತಃಸಾಕ್ಷಿಯಿಂದ ಬೇರ್ಪಡಿಸುವ ಮಾರ್ಗವೂ ರಾಜ್ಯಗಳಿಗೆ ಗೊತ್ತಿಲ್ಲದುದಲ್ಲ; ಬ್ರಿಟನ್ 1916ರಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ತಂದಾಗಲೇ, ಅಂತಃಸಾಕ್ಷಿಯಿಂದ ಒಪ್ಪದವರಿಗಾಗಿ ಕಾನೂನಿನಲ್ಲಿ ಎಡೆಮಾಡಿತು. ಆದರೆ ಇಂತಹ ಕಾನೂನುಗಳಲ್ಲಿ ಬಹುಮಟ್ಟಿಗೆ ಎಡೆಯಿರುವುದು ಎಲ್ಲ ಯುದ್ಧವನ್ನೂ ನಿರಾಕರಿಸುವವನಿಗೆ. ವಿಯಟ್ನಾಮಿನ ಯುದ್ಧದ ನಡುವೆ, 1968ರಲ್ಲಿ, ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು ತಮ್ಮ ಪತ್ರದಲ್ಲಿ, ನಿರ್ದಿಷ್ಟವಾದೊಂದು ಯುದ್ಧವನ್ನು ಮಾತ್ರ ನಿರಾಕರಿಸುವವನಿಗೂ ಕಾನೂನು ಮನ್ನಣೆ ಕೊಡಬೇಕೆಂದು ಕೇಳಿಕೊಂಡರು. ಅದು ಸರಿಯಾದ ಕೋರಿಕೆ. ನ್ಯಾಯಯುದ್ಧವನ್ನು ಬೋಧಿಸುವ ಎಲ್ಲ ಸಭೆಗಳೂ, ತಮ್ಮ ದೇಶ ಯಾವುದೇ ಆಗಿರಲಿ, ಶಾಂತಿಯ ಕಾಲದಲ್ಲಿಯೇ ಅದನ್ನು ಮುಂದಿಡಬೇಕು, ಏಕೆಂದರೆ ಯುದ್ಧ ಬಂದ ಮೇಲೆ ಕೇಳುವ ಕಿವಿಗಳಿರುವುದಿಲ್ಲ. ಬಿಷಪ್ಪರ ಆ ಪತ್ರದ ತರುವಾಯ, ವಿಯಟ್ನಾಮ್ ಯುದ್ಧವು ಅನ್ಯಾಯವೆಂದು ತನ್ನ ಧರ್ಮದ ಬೋಧನೆಯನ್ನೇ ಆಧಾರವಾಗಿ ತೋರಿಸಿದ ಕ್ಯಾಥೊಲಿಕ್ ಸೈನಿಕನೊಬ್ಬನ ಮನವಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಎಲ್ಲ ಯುದ್ಧವನ್ನೂ ಆಕ್ಷೇಪಿಸುವವನಿಗಲ್ಲದೆ ವಿನಾಯಿತಿಯಿಲ್ಲವೆಂದು 1971ರ ಮಾರ್ಚ್ 8ರಂದು ಎಂಟು ಮಂದಿ ನ್ಯಾಯಾಧೀಶರು ತೀರ್ಪಿತ್ತರು. ಒಬ್ಬರು ಮಾತ್ರ ಭಿನ್ನಮತವನ್ನು ದಾಖಲಿಸಿದರು. ಆ ತೀರ್ಪು ಇಂದಿಗೂ ಊರ್ಜಿತದಲ್ಲಿದೆ.